ಇಲ್ಲದಿದ್ದರ

ದುರ್ಗದಬೈಲಿನ ಹಿಂದಿನ ಸಂದಿಯೊಳಗ
ನೂರಾ ಎಂಟು ಸಣ್ಣ ಖಾನೆ, ಒಂದು ತಕ್ಕಡಿ, ನಾನು.
ಮಾವ ಹೋದ ಮ್ಯಾಲ ಈ ಗಾದಿ ನನಗ ಬಂತು,
ಗಾದಿ ಜೋಡಿ ಅವರ ಕಿರ್ದಿ ಪುಸ್ತಕ.
ಕಡೀ ಹಾಳೆಯೊಳಗ ನೇರಳೆ ಶಾಯಿಲೆ ಬರದದ್ದು:

ಕಸ್ತೂರಿ ಇಲ್ಲದಿದ್ದರ, ಕಸ್ತೂರಿಬೆಂಡೆ ಬೀಜ.
ಕರಡಿ ಪಿತ್ತ ಇಲ್ಲದಿದ್ದರ, ನೆಲಬೇವು.
ಚಿಪ್ಪುಹಂದಿ ಚಿಪ್ಪು ಇಲ್ಲದಿದ್ದರ
ಅಲ್ಲಿಗೆ ನಿಂತೈತಿ.
ಗಿರಾಕಿ ಬಂದಿರಬೇಕು.

ಮಧ್ಯಾಹ್ನ ಮೂರಕ್ಕ ಬಂದ್ಳು ಸುಫಲಾಬಾಯಿ.
ಶೂ-ಫೆನ್ ಅಂತ ಆಕಿ ತಾಯಿ ಇಟ್ಟ ಹೆಸರು.
ನಮ್ಮ ಓಣಿ ನಾಲಿಗಿಗೆ ಅದು ಹೊಂದದ
ಮದುವಿಯಾಗಿ ಬಂದ ವರ್ಷಾನ ಬದಲಿ ಕೊಟ್ಟಿತ್ತು,
ಆಕೀನೂ ತಕರಾರಿಲ್ಲದ ತಗೊಂಡಿದ್ಳು.
ಸ್ಟೇಶನ್ ರೋಡಿನ ಹಲ್ಲಿನ ದವಾಖಾನಿ
ಮಾವಂದು, ಗಂಡಂದು, ಈಗ ಮಗಂದು.
ಚೀನಾ ಅಂದ್ರ ಆಕಿಗೆ ಒಂದು ತಗಡಿನ ಡಬ್ಬಿ.

ಡಬ್ಬಿ ತೆಗದ್ಳು.
ಹೆಬ್ಬೆರಳಿನಷ್ಟು ಕರೀ ತುಂಡು,
ಬಿಸಿಲಿಗೆ ಹಿಡದ್ರ ಜೋನಿಬೆಲ್ಲದ ಬಣ್ಣ.
‘ಮೊಮ್ಮಗಳು ಹಡದಾಳ ದಾನಮ್ಮ, ರಕ್ತ ಭಾಳ ಹೋಗೇತಿ.
ನಾ ಹಡದಾಗ ನಮ್ಮವ್ವ ಇದನ್ನ ಕರಗಿಸಿ ಕುಡಿಸಿದ್ಳು.
ಇಷ್ಟು ಸಾಲೂದಿಲ್ಲ. ನಿನ್ನ ಹತ್ರ ಸಿಗತೈತೇನು?’
‘ಏನಿದು?’
‘ಕತ್ತೆ ತೊಗಲು. ಕುದಿಸಿ ಕುದಿಸಿ ಮಾಡಿದ ಅಂಟು.’

ಅಷ್ಟೊತ್ತಿಗೆ ಸಂದಿ ಬಾಯಾಗ ದುರಗಪ್ಪನ ಕೂಗು:
ಕತ್ತೆ ಹಾಲೂ... ಕೂಸಿಗೆ ಕತ್ತೆ ಹಾಲೂ...
ಎರಡಿದ್ದವು ಅವನ ಹತ್ರ.
ಹೋದ ಅಮಾಸಿ ರಾತ್ರಿ
ಒಂದನ್ನ ಹಗ್ಗದ ಸಮೇತ ಯಾರೋ ಗಾಡಿಗೆ ಹಾಕಿಕೊಂಡು ಹೋದ್ರು.
ಎಲ್ಲಿಗೆ ಅಂತ ಅವಗ ಗೊತ್ತಿಲ್ಲ,
ಗೊತ್ತಿದ್ದವರು ಹೇಳೂದಿಲ್ಲ.
ಉಳದದ್ದು ನಮ್ಮ ಕಟ್ಟಿಗೆ ಬಂದು ನಿಂತು
ಸುಫಲಾಬಾಯಿ ಚೀಲದ ಕೊತ್ತಂಬರಿ ಮೂಸಿತು.

ಆಕಿ ಡಬ್ಬಿ ಮುಚ್ಚಿದ್ಳು.
‘ಇದರ ಮಾರಿ ನೋಡಿ ಹೆಂಗ ಕೇಳ್ಲಿ? ಬ್ಯಾರೆ ಏನರ ಕೊಡು.’

ಖಾನೆ ಒಂದೊಂದಽ ಎಳದೆ.
ಇಲಿಕಿವಿ. ಹಂಸಪಾದಿ. ಆನೆನೆಗ್ಗಿಲು. ಹಾವುಮೆಕ್ಕೆ.
ಹುಲಿಯುಗುರು ಅಂತ ಬರದ ಖಾನೆಯೊಳಗ
ಕೊಕ್ಕಿಯಂಥ ಒಣಗಿದ ಕಾಯಿ.
‘ಇಷ್ಟೊಂದು ಪ್ರಾಣಿ ಇಟ್ಟೀಯಲ್ಲ!’ ಅಂತ ನಕ್ಕಳು.
ಒಂದಕ್ಕೂ ರಕ್ತ ಇಲ್ಲ, ಅಂದೆ.
ಕಪ್ಪತಗುಡ್ಡದ ಕಲ್ಲಿನ ನಡುವ ಬೆಳದ ಬೇರು, ಬಳ್ಳಿ;
ಹೆಸರಿಟ್ಟವರು ಯಾರೋ
ಕಿವಿ, ಪಾದ, ಉಗುರು
ಬರೇ ಮಾತಿನೊಳಗ ಕಡ ತಂದಾರ.

ಕಡೀಕ ಕೆಳಗಿನ ಡಬ್ಬಿ: ಜಾಲಿ ಅಂಟು.
ತೊಗಟಿ ಬಿರದಲ್ಲಿ
ಗಿಡ ತನಗ ತಾನಽ ಹಚ್ಚಿಕೊಂಡ ಮಲಾಮು.
‘ತುಪ್ಪದಾಗ ಕರಿ, ಅರಳಿನ್ಹಂಗ ಉಬ್ಬತೈತಿ.
ಒಣಕೊಬ್ರಿ, ಖಾರೀಕು, ಅಳವಿ, ಬೆಲ್ಲ ಹಾಕಿ ಉಂಡಿ ಕಟ್ಟು.
ಎದಿಹಾಲು ಕಡಿಮಿ ಅನಿಸಿದ್ರ ಈ ಬೇರು,
ಹಲವು ಮಕ್ಕಳ ತಾಯಿ ಅಂತಾರ ಇದಕ್ಕ.’
ಒಂದು ಹಳಕು ಎತ್ತಿ ಬಿಸಿಲಿಗೆ ಹಿಡದ್ಳು.
ಜೋನಿಬೆಲ್ಲದ ಬಣ್ಣ.
‘ಅದರಷ್ಟಽ ಕೆಲಸ ಮಾಡತೈತೇನು?’
ಗೊತ್ತಿಲ್ಲ, ಅಂದೆ.
ನಾ ಮೂರು ಹಡದು ಎದ್ದೀನಿ, ಅಷ್ಟಽ ಗೊತ್ತು.
ಡಾಕ್ಟರ್ ಕೊಟ್ಟ ಗುಳಿಗಿ ಬಿಡಸಬ್ಯಾಡ.
‘ಮತ್ತ ತುಪ್ಪ? ಅದು ಎಮ್ಮೀದಲ್ಲೇನು?’
ಆ ಲೆಕ್ಕ ನನಗಿನ್ನೂ ಹರದಿಲ್ಲ.

ದೀಪ ಹಚ್ಚಿದ ಮ್ಯಾಲ ಮಾವನ ಹಾಳೆ ತೆಗದೆ.
ಕತ್ತೆ ತೊಗಲಿನ ಅಂಟು ಇಲ್ಲದಿದ್ದರ
ಅಂತ ಬರದು, ಪೆನ್ನು ನಿಂತಿತು.
ಕಡೀ ಮಾತು ಹೊಡದು ಹಾಕಿ
ಮ್ಯಾಲ ಬರದೆ: ಇದ್ದರೂ.

ಹತ್ತು ದಿನಕ್ಕ ಮತ್ತ ಬಂದ್ಳು.
ಅದಽ ತಗಡಿನ ಡಬ್ಬಿ, ಒಳಗ ಎರಡು ಉಂಡಿ,
ಪಾಕ ಏರಿ ಕಲ್ಲಾಗಿದ್ದವು.
‘ಹುಷಾರಿಲೆ ಕಡಿ. ಹಲ್ಲು ಹೋದ್ರ ನಮ್ಮ ಮಗಗೊಂದು ಗಿರಾಕಿ.’
ಆ ಕರೀ ತುಂಡು?
‘ಐತಿ. ಅರಿವ್ಯಾಗ ಸುತ್ತಿಟ್ಟೀನಿ.
ಅವ್ವನ ಕೈ ವಾಸನಿ ಐತಿ ಅದಕ್ಕ.’

ಒಂದು ಉಂಡಿ ನಾ ಚೀಪಿದೆ.
ಇನ್ನೊಂದನ್ನ ಕಟ್ಟಿ ಮುಂದ ನಿಂತಽ ನಿದ್ದಿ ಮಾಡೂ
ದುರಗಪ್ಪನ ಕತ್ತೆಗೆ ಹಿಡದೆ.
ಕಣ್ಣು ತೆರೀಲಾರದನಽ
ಕಟಂ ಅಂತ ಕಡೀತು.