ಪಟ್ಟಿ ಬಿಗಿದವನು

ಪಟ್ಟಿ ಬಿಗಿದವನು ನಾನು.
ಎಡಭುಜದ ಕೊಂಡಿ ತುಸು ಹಟಮಾರಿ,
ಹೆಬ್ಬೆರಳಲ್ಲಿ ಒತ್ತಿದರೇ ಕೂರುವುದು.
"ಸಾಕು ಮಾರಾಯ, ಉಸಿರಾಡಬೇಕಲ್ಲ,"
ಅಂದರು ಸಲ್ದಾನ್ಹಾ ಸಾಹೇಬರು.
ಹಡಗಿನಲ್ಲಿ ನಮ್ಮ ಕಡೆಯವರು ನಾವಿಬ್ಬರೇ,
ಅವರು ಕುಲಶೇಖರ, ನಾನು ಮಲ್ಪೆ.

ಎಪ್ಪತ್ತೊಂದು, ಡಿಸೆಂಬರ್.
ಡೆಕ್ಕಿನಿಂದ ಹಾರಿದ್ದು ನಾಲ್ಕು, ಬಂದಿಳಿದದ್ದು ಮೂರು.
ನಾಲ್ಕನೆಯದಕ್ಕೆ ತಂತಿ ಎಳೆದು ಕಾದೆವು.
ಎಣ್ಣೆ ಮುಗಿಯುವ ಹೊತ್ತು ದಾಟಿದರೂ
ಯಾರೂ ತಂತಿ ಸಡಿಲಿಸಲಿಲ್ಲ.

ಗೆದ್ದೆವು ಎಂದಿತು ರೇಡಿಯೋ. ಸಿಹಿ ಹಂಚಿದರು.
ನನ್ನ ಪಾಲಿನ ಲಾಡು ಕಿಸೆಯಲ್ಲೇ ಪುಡಿಯಾಯಿತು.

ಆಮೇಲೆ ಊರು. ಧಕ್ಕೆಯಲ್ಲಿ ಇಂಜಿನ್ ರಿಪೇರಿ.
ನಸುಕಿಗೆ ಬೋಟುಗಳು ಒಳಬರುವಾಗ
ಬಂಗುಡೆ ಎಷ್ಟು ಬುಟ್ಟಿ ಎಂದು ಉಳಿದವರ ಲೆಕ್ಕ;
ನನ್ನದು ತಲೆಗಳ ಲೆಕ್ಕ.
ಒಂದು ಕಡಿಮೆ ಕಂಡರೆ
ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡಲಾಗುವುದಿಲ್ಲ.

ಒಮ್ಮೆ ಕುಲಶೇಖರಕ್ಕೆ ಹೋಗಿದ್ದೆ.
ಅವರ ತಂಗಿ ಫ್ಲೋರಿನ್ ಕಾಫಿ ಕೊಟ್ಟು ಕೇಳಿದ್ದು ಒಂದೇ:
"ಹೊರಡುವಾಗ ಏನಾದರೂ ಹೇಳಿದನಾ?"
ನಕ್ಕರು, ಅಂದೆ.
ಉಳಿದದ್ದು ಬಾಯಿಗೆ ಬರಲಿಲ್ಲ.

ಆ ಕೊಂಡಿ, ನೀರಿನೊಳಗೆ,
ಬಿಚ್ಚಲು ಎಷ್ಟು ಹೊತ್ತು ಬೇಕು?
ಹೆಬ್ಬೆರಳು ಇವತ್ತಿಗೂ
ಒತ್ತಿ ಒತ್ತಿ ನೋಡುತ್ತದೆ.