ಅಡ್ಡಗೆರೆ

ಹಿತ್ತಾಳೆಯಲ್ಲಿ ಕೊರೆದದ್ದನ್ನು ಅಳಿಸಲು ಬರುವುದಿಲ್ಲ,
ಮೊದಲೇ ಹೇಳಿದ್ದೆ.
ಮರಳುಕಾಗದ ಹಾಕಿ ಉಜ್ಜಿದರೆ ಹೊಳಪು ಹೋಗುತ್ತದೆ,
ಹೆಸರು ಹೋಗುವುದಿಲ್ಲ.
ಮತ್ತೂ ಉಜ್ಜಿದರೆ ತಗಡೇ ತೂತು.
ರುವಿಯ ಈ ಗಲ್ಲಿಯಲ್ಲಿ ಇಪ್ಪತ್ತಾರು ವರ್ಷ
ಡಾಕ್ಟರುಗಳ, ವಕೀಲರ, ಅರ್ಬಾಬುಗಳ
ನಾಮಫಲಕ ಕೊರೆದವನ ಮಾತು ಇದು.

ಆದರೂ ನಿನ್ನೆ ಮಗ್ರಿಬ್ ಬಾಂಗಿನ ಹೊತ್ತಿಗೆ
ಬಳಗದ ಮೂವರು ಬಂದು
ಅಧ್ಯಕ್ಷರ ಸಾಲಿನ ಫಲಕವನ್ನು
ಹೆಣ ಇಳಿಸಿದ ಹಾಗೆ ನನ್ನ ಮೇಜಿಗೆ ಇಳಿಸಿದರು.

ಹತ್ತು ಹೆಸರು. ಒಂಬತ್ತರ ಮುಂದೆ ಎರಡೆರಡು ಇಸವಿ.
ಕೊನೆಯದರ ಮುಂದೆ ಒಂದೇ:
ದಾಮೋದರ ಬಂಗೇರ, ೨೦೧೯, ಆಮೇಲೊಂದು ಅಡ್ಡಗೆರೆ,
ಆಮೇಲೆ ಖಾಲಿ ಹಿತ್ತಾಳೆ.
ಅದರೊಳಗೆ ನನ್ನ ಮುಖ, ಟ್ಯೂಬ್‌ಲೈಟು,
ಎದುರಿನ ಮನಿ ಎಕ್ಸ್‌ಚೇಂಜಿನ ಬೋರ್ಡು, ಎಡಬಲ ಅದಲುಬದಲು.

ತೀರ್ಪು ಬಂದದ್ದು ಭಾನುವಾರ. ಮೂರು ತಿಂಗಳು.
ನಂಬಿಕೆ ದ್ರೋಹ ಎಂದು ಅರಬ್ಬಿಯಲ್ಲಿ ಓದಿದರಂತೆ,
ಭಾಷಾಂತರದವನು ಹಿಂದಿಯಲ್ಲಿ ಹೇಳಿದನಂತೆ,
ಬಂಗೇರರು ತಲೆಯಾಡಿಸಿದ್ದು ಮಾತ್ರ
ಕನ್ನಡದಲ್ಲಿ.

ತಲೆಗೆ ಒಂದು ರಿಯಾಲು, ತಿಂಗಳು ತಿಂಗಳು.
ಕ್ಯಾಂಪಿನ ಹುಡುಗರೂ ಕೊಡುತ್ತಿದ್ದರು, ಸಿಗರೇಟು ಬಿಟ್ಟು.
ಸತ್ತವನನ್ನು ಊರು ಮುಟ್ಟಿಸುವ ದುಡ್ಡು ಅದು.
ತಮ್ಮ ಟೈಲ್ಸ್ ಅಂಗಡಿಗೆ ಸುರಿದರು,
ಹಬ್ಬದೊಳಗೆ ತುಂಬಿಸುತ್ತೇನೆ ಅಂದುಕೊಂಡೇ ಇದ್ದರೇನೋ.
ಹಬ್ಬಕ್ಕೆ ಮುಂಚೆ ಶೇಖರ ಕುಂದರ್ ಸತ್ತ.
ಬಿದ್ದಲ್ಲ, ಏನಲ್ಲ, ಮಲಗಿದಲ್ಲೇ.
ಒಂಬತ್ತು ದಿನ ಅವನು ಐಸಿನ ಡ್ರಾಯರಿನಲ್ಲಿ.
ಒಂಬತ್ತು ದಿನ ಖಾತೆಯಲ್ಲಿ
ನಾಲ್ಕು ರಿಯಾಲು ಮುನ್ನೂರು ಬೈಸಾ.

ಸಭೆಯಲ್ಲಿ ಎಲ್ಲರಿಗೂ ಬಾಯಿ ಬಂತು.
ಮೇಲ್ಮನವಿ ಉಂಟು, ಕಾಯುವ.
ಊರಲ್ಲಿ ಎಮ್ಮೆಲ್ಲೆಗೆ ಎರಡು ವರ್ಷ ಶಿಕ್ಷೆಯಾದರೆ ಕುರ್ಚಿ ಹೋಗುವುದು,
ಇಲ್ಲೆಂತದು ಮಾರಾಯ್ರೇ, ಮೂರೇ ತಿಂಗಳಿಗೆ?
ಊರಲ್ಲಿ ಎಷ್ಟು ಕುರ್ಚಿ ಹೋದದ್ದು ನೋಡಿದ್ದೀರಿ,
ಎಂದರು ಸೆವ್ರಿನ್ ಬಾಯಿ. ಹಿಂದಿನ ಬೆಂಚು ನಕ್ಕಿತು.
ಅವರೇನು ಕೊಲೆ ಮಾಡಿದ್ದಾ, ಎಂದ ಇನ್ನೊಬ್ಬ.
ಶೇಖರನ ರೂಮಿನವನು ಎದ್ದು ನಿಂತ,
ಏನೂ ಹೇಳದೆ ಕೂತ.

ಮೊಯಿದಿನಬ್ಬ ನಿಯಮಾವಳಿ ಬಿಡಿಸಿದರು.
ಹದಿನಾಲ್ಕನೇ ಕಲಮು:
‘ಅಪರಾಧ ಸಾಬೀತಾದ ದಿನದಿಂದಲೇ ಪದವಿ ತೆರವು.’
ದಿನದಿಂದಲೇ.
ಆ ‘ಲೇ’ ನನ್ನ ಕೈಬರಹದ್ದು.
ಹನ್ನೊಂದು ವರ್ಷದ ಹಿಂದೆ ಇದೇ ಮೇಜಿನ ಮೇಲೆ
ಚಾ ಆರುವಷ್ಟು ಹೊತ್ತು ಯೋಚಿಸಿ
ಬಂಗೇರರೇ ಸೇರಿಸಿಸಿದ್ದು:
ಒತ್ತು ಇರಲಿ ಆಚಾರ್ರೇ,
ಇಲ್ಲದಿದ್ದರೆ ಜನ ಜಾರುತ್ತಾರೆ.

ಕಲಮು ಇದ್ದರೂ ಕೈ ಎತ್ತಿಸಿದರು.
ಪುಸ್ತಕವೊಂದೇ ಹೊರಲಿ ಅನ್ನಲು ಯಾರಿಗೂ ಧೈರ್ಯವಿರಲಿಲ್ಲ.
ಎತ್ತಿದ ನನ್ನ ಕೈಯಲ್ಲಿ
ಬೆಳ್ಳಿಹಬ್ಬದ ದಿನ ಅವರು ಕಟ್ಟಿದ ವಾಚು.
ಯಾವ ದುಡ್ಡಿನದೋ,
ಈಗ ಅದನ್ನೂ ಕೇಳಬೇಕು.
ಲೆಕ್ಕದವನು ನನ್ನನ್ನು ದಾಟಿ ಹೋಗುವವರೆಗೆ
ಸೆಕೆಂಡಿನ ಮುಳ್ಳು ಎರಡು ಸುತ್ತು ಬಂತು.

ಹೆಸರೇ ಬೇಡ, ತೆಗೆಯಿರಿ ಎನ್ನುತ್ತಾರೆ ಇವರು.
ಕಲಮು ಪದವಿ ತೆಗೆಯುತ್ತದೆ, ಹೆಸರನ್ನಲ್ಲ ಎಂದೆ.
ಇದ್ದದ್ದು ಇದ್ದದ್ದೇ. ಎಷ್ಟು ದಿನ ಇದ್ದರು ಎಂಬುದೂ.
ಇದ್ದರೆ ಮುಂದಿನವನು ಓದಿಯಾನು.
ತೂತು ಬಿದ್ದ ಜಾಗವನ್ನು ಯಾರು ಓದುತ್ತಾರೆ?

ಮೆಷೀನು ಹಚ್ಚಿದೆ.
ಅಡ್ಡಗೆರೆಯ ಆಚೆ ಇಸವಿ ಕೊರೆದೆ,
ಅದರ ಕೆಳಗೆ, ಬೇರೆ ಯಾರಿಗೂ ಇಲ್ಲದ್ದು,
ಭಾನುವಾರದ ತಾರೀಖು, ಅಕ್ಕಿಕಾಳಿನಷ್ಟು ಸಣ್ಣಗೆ.
ಹಳದಿ ಪುಡಿ ಉಗುರಿನ ಸಂದಿಗೆ ಹೋಯಿತು.
ಉಜ್ಜಿದೆ, ಕಪ್ಪು ತುಂಬಿದೆ, ಒರೆಸಿದೆ.
ಕೆಳಗಿನ ಸಾಲಿಗೆ ಅಳತೆ ಹಿಡಿದು
ಹಂಗಾಮಿಯವರ ಹೆಸರಿನ ಅಕ್ಷರ ಕೇಳಿದೆ.

ಅವರು ಆಗಲೇ ಬಾಗಿಲಲ್ಲಿ, ಕಾರಿನ ಕೀ ಬೆರಳಿಗೆ ಸುತ್ತುತ್ತ.
ನನ್ನದು ಕೊರೆಯುವುದು ಬೇಡ ಆಚಾರ್ರೇ,
ಸ್ಟಿಕ್ಕರ್ ಸಾಕು.