ಮಣ್ಣಿಗೆ ಪಥ್ಯ

ಮೊದಲ ವರ್ಷ ನಾವು ಮಾಡಿದ್ದು ಇಷ್ಟೇ:
ಕೊಬ್ಬಿದ ಮೇಲ್ಮಣ್ಣನ್ನು ಒಂದು ಗೇಣು ಕೆತ್ತಿ
ಲಾರಿಗೆ ತುಂಬಿ ಕಳಿಸಿದ್ದು.
ಖ್ರೋನಿಂಗನ್ನಿನ ಕಾಲುವೆ ಪಕ್ಕ, ಮೂರನೇ ಮಹಡಿಯ ಬಾಲ್ಕನಿಯಿಂದ
ಮುದುಕ ಹೂಕ್ಸ್ತ್ರಾ ಕೂಗಿದ:
"ಚಿನ್ನದಂಥ ಮಣ್ಣು! ಎಲ್ಲಿಗೆ ಸಾಗಿಸುತ್ತೀರಿ?"
ಇಳಿದು ಬಂದು ಎರಡು ಬಕೆಟ್ಟು ತುಂಬಿಕೊಂಡೂ ಹೋದ.
ಉಳಿದದ್ದು ಮರಳು, ಇಟ್ಟಿಗೆ ಚೂರು,
ಯಾರದೋ ಸೈಕಲ್ಲಿನ ತುಕ್ಕು ಹಿಡಿದ ಪೆಡಲು.
ವಿಟ್ಸ್ಕೆ ಕುಕ್ಕರಗಾಲಲ್ಲಿ ಕೂತು
ಒಂದು ಹಿಡಿ ಎತ್ತಿ ಮೂಸಿ ಅಂದಳು:
"ಬಡವಾಗಿದೆ. ಇನ್ನು ಬಿತ್ತಬಹುದು."

ಉಂಡು ತೇಗುವ ಮಣ್ಣಲ್ಲಿ ಹುಲ್ಲೇ ದಣಿ,
ಪಕ್ಕದವರ ಬಿಸಿಲನ್ನೂ ತಾನೇ ನುಂಗುತ್ತದೆ.
ಅದಕ್ಕೇ ಚಳಿಗೆ ಮುಂಚೆ ಗಿಲಕಿಗಿಡ ಎರಚಿದೆವು,
ಹುಲ್ಲಿನ ಬೇರಿಗೆ ಬಾಯಿಟ್ಟು ಹೀರುವ
ಹಳದಿ ಕೊಕ್ಕಿನ ಕಳ್ಳ.
ಡೇಸಿಗೆ ಜಾಗ ಬಿಡಿಸಲು ಕಳ್ಳನನ್ನು ಕರೆತಂದೆವೆಂದು
ನಗರಸಭೆಯ ಕಡತದಲ್ಲಿ ಬರೆಯಲಾದೀತೆ?
"ಸಹಾಯಕ ಸಸ್ಯ" ಎಂದು ಬರೆದೆ.

ಎರಡನೇ ಬೇಸಗೆ ಹೂವಿಗಿಂತ ದೂರು ಜಾಸ್ತಿ.
ನಾಯಿಯ ಕಿವಿಯಲ್ಲಿ ಹುಲ್ಲಿನ ಮುಳ್ಳು.
ಉಣ್ಣಿ. ಕಾಲಿಗೆ ತೊಡರಿದ ಬಿಯರ್ ಡಬ್ಬಿ.
"ಕತ್ತರಿ ಕೊಳ್ಳಲು ದುಡ್ಡಿಲ್ಲವೇ ನಿಮಗೆ?"
ವಿಟ್ಸ್ಕೆ ಸಭೆ ಕರೆಯಲಿಲ್ಲ, ಫಲಕ ನೆಡಲಿಲ್ಲ.
ದಾರಿಯ ಗುಂಟ ಒಂದೇ ಒಂದು ಮೀಟರು
ನುಣ್ಣಗೆ ಕತ್ತರಿಸಲು ಹೇಳಿದಳು,
ಬಟ್ಟೆಯ ಅಂಚು ಮಡಿಚಿ ಹೊಲಿದ ಹಾಗೆ.
ಅಷ್ಟಕ್ಕೇ ಅರ್ಧ ಜನ ಸುಮ್ಮನಾದರು.

ಕೊಯ್ಲಿನಲ್ಲೂ ಅವಳದೊಂದು ಪಟ್ಟು:
ನೇರ ಗೆರೆ ಬೇಡ, ಹಾವು ಹರಿದಂತೆ ಹೋಗು,
ಆ ತುಂಡು ಬಿಡು, ಅಲ್ಲಿ ಯಾರೋ ಮಲಗಿದ್ದಾರೆ.
ಇಪ್ಪತ್ತು ವರ್ಷ ಫುಟ್‌ಬಾಲ್ ಮೈದಾನ ಹೆರೆದ ಕೈ ನನ್ನದು,
ನೇರ ಹೋಗುವುದೇ ಮರ್ಯಾದೆ.
ಆ ಸೆಪ್ಟೆಂಬರಿನಲ್ಲಿ ಯಂತ್ರವನ್ನು
ಬೇಕೆಂದೇ ಡೊಂಕಾಗಿ ನಡೆಸಿದೆ, ಕುಡಿದವನಂತೆ,
ಅತ್ತಿತ್ತ ನೋಡಿಕೊಂಡು.
ಕೊಯ್ದದ್ದು ಬಿದ್ದಲ್ಲೇ ಕೊಳೆತರೆ ಮತ್ತೆ ಕೊಬ್ಬು,
ಕುಂಟೆಯಲ್ಲಿ ಎಳೆದು, ಗುಡ್ಡೆ ಮಾಡಿ, ಸಾಗಿಸಬೇಕು.
ಬೆನ್ನು ಇವತ್ತಿಗೂ ಆ ಲೆಕ್ಕ ಹೇಳುತ್ತದೆ.

ಈ ಜುಲೈ, ಒಣಗಿದ ಗಿಲಕಿಕಾಯಿ
ಪ್ಯಾಂಟಿಗೆ ತಾಗಿ ಗಲಗಲ ಅನ್ನುತ್ತಿದ್ದಾಗ
ಹೂಕ್ಸ್ತ್ರಾ ಖಾಲಿ ಬಕೆಟ್ಟು ಹಿಡಿದು ಇಳಿದು ಬಂದ.
ಮೊದಲು ಹವೆಯ ಮಾತು. ಆಮೇಲೆ ಮೊಣಕಾಲು ನೋವಿನ ಮಾತು.
ಅವನ ಬಾಲ್ಕನಿಯ ನಸ್ಟರ್ಷಿಯಂ ಕೆಳಗಿಂದಲೇ ಕಾಣುತ್ತಿತ್ತು,
ಎಲೆಯೆಂದರೆ ಊಟದ ತಟ್ಟೆಯಷ್ಟು ಅಗಲ,
ಹೂ ಹುಡುಕಿದರೂ ಇಲ್ಲ.
ಬಕೆಟ್ಟನ್ನು ಬೂಟಿನ ತುದಿಯಿಂದ ನನ್ನ ಕಡೆ ನೂಕಿ,
ಕಾಲುವೆಯನ್ನೇ ನೋಡುತ್ತ ಕೇಳಿದ:
"ಆ ಕೆಟ್ಟ ಮಣ್ಣು
ಇನ್ನೂ ಸ್ವಲ್ಪ ಉಳಿದಿದೆಯೇ?"